ಧೂಳಿನ ತಟ್ಟೆಯ ಆಚೆ

ಆ ಸಂಶೋಧನಾಲಯದ ಹಿರಿಯ ವಿಜ್ಞಾನಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಅನುಮಾನಪ್ಪ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಅವರಿಗೆ ಗೊತ್ತಿಲ್ಲದೆಯೂ ಇರಲಿಲ್ಲ. ದೂರದರ್ಶಕದ ಚಿತ್ರದಲ್ಲಿ ಹೊಸ ಚುಕ್ಕಿ ಕಂಡೆ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಗಲ್ಲ ಕೆರೆಯುತ್ತ, "ಚುಕ್ಕಿ ಸರಿ. ಅದು ಆಕಾಶದಲ್ಲಿದೆಯೋ, ನಿಮ್ಮ ತಲೇಲಿದೆಯೋ?" ಎಂದು ಕೇಳುತ್ತಿದ್ದರು.

ಅವರ ಕೈಕೆಳಗೆ ಹೊಸದಾಗಿ ಸೇರಿದ್ದ ಸಂಶೋಧಕಿ ಒಂದು ಬೆಳಗ್ಗೆ ಅಂಥದ್ದೇ ಚುಕ್ಕಿ ಹಿಡಿದುಕೊಂಡು ಅವರ ಕೋಣೆಗೆ ಹೋದಳು.

ಅವಳು ನೋಡುತ್ತಿದ್ದುದು ನಕ್ಷತ್ರಗಳ ಲೆಕ್ಕದಲ್ಲಿ ಇನ್ನೂ ಹಸುಗೂಸಾದ ಒಂದು ನಕ್ಷತ್ರವನ್ನು. ಅದರ ಸುತ್ತ ಧೂಳು ತಟ್ಟೆಯಂತೆ ಹರಡಿಕೊಂಡಿತ್ತು. ತಟ್ಟೆಯ ನಡುವೆ, ಯಾರೋ ಬೆರಳಿನಿಂದ ಒರೆಸಿದಂತೆ ಒಂದು ಕಪ್ಪು ಬಳೆ. ಅಲ್ಲೊಂದು ಗ್ರಹ ಸುತ್ತುತ್ತ ದಾರಿಯ ಧೂಳನ್ನೆಲ್ಲ ಬಳಿದುಕೊಂಡಿರಬೇಕು ಎಂಬುದು ಅವಳ ಊಹೆ. ನಕ್ಷತ್ರದ ಕಣ್ಣು ಕುಕ್ಕುವ ಬೆಳಕನ್ನು ಕಂಪ್ಯೂಟರಿನಲ್ಲಿ ಕಳೆದು ನೋಡಿದರೆ, ಆ ಬಳೆಯೊಳಗೆ ನಿಜಕ್ಕೂ ಒಂದು ಮಿಣುಕು ಉಳಿದಿತ್ತು.

"ಬೆಳಕು ಕಳೆಯೋವಾಗ ಧೂಳಿನ ಅಂಚು ಹರಿದು ಹೀಗೇ ಚುಕ್ಕಿ ಥರ ಕಾಣುತ್ತೆ" ಎಂದರು ಅನುಮಾನಪ್ಪ.

"ಇದು ಹಾಗಲ್ಲ ಸರ್."

"ಹಾಗಾದ್ರೆ ಒಂದು ಆಟ ಆಡೋಣ. ಇದೇ ಚಿತ್ರಗಳೊಳಗೆ ನಾನು ಸುಳ್ಳು ಗ್ರಹಗಳನ್ನ ಬಚ್ಚಿಡ್ತೀನಿ. ಎಷ್ಟು, ಎಲ್ಲಿ ಅಂತ ಹೇಳಲ್ಲ. ಹುಡುಕಿ ಕೊಡಿ. ಸುಳ್ಳನ್ನ ಸರಿಯಾಗಿ ಹಿಡಿದ್ರೆ ನಿಜಾನೂ ಹಿಡೀತೀರಿ ಅಂತ ಒಪ್ತೀನಿ."

ಸಂಜೆ ಮನೆಗೆ ಬಂದವಳ ಮುಖ ನೋಡಿ ಅತ್ತೆ ವಿಷಯವೇನೆಂದು ಕೇಳಿದರು. ಕೇಳಿದ ಮೇಲೆ ನಗು ತಡೆಯಲಾಗಲಿಲ್ಲ. "ಇಲ್ಲದ್ದನ್ನ ಬಚ್ಚಿಟ್ಟು ಹುಡುಕು ಅಂತಾರಾ? ಚೆನ್ನಾಗಿದೆ ಕಣೇ ನಿಮ್ಮ ಕೆಲಸ! ನನ್ನ ಕನ್ನಡಕ ಇದ್ದೂ ಸಿಗ್ತಿಲ್ಲ, ಮೊದಲು ಅದನ್ನ ಹುಡುಕು."

ಸೊಸೆಯೂ ನಕ್ಕಳು. ಸಿಟ್ಟು ಇಳಿದು, ಆ ಜಾಗದಲ್ಲಿ ಕುತೂಹಲ ಕೂತಿತು. ಎಲ್ಲಿ ಅಡಗಿಸಿಟ್ಟಿರಬಹುದು ಈ ಮನುಷ್ಯ?

ಮರುದಿನದಿಂದಲೇ ಶುರುಹಚ್ಚಿಕೊಂಡಳು. ಬೆಳಕನ್ನು ಒಂದೊಂದು ಸಲ ಒಂದೊಂದು ರೀತಿಯಲ್ಲಿ ಕಳೆದಳು. ಗಟ್ಟಿ ಚುಕ್ಕಿ ಹೇಗೆ ಕಳೆದರೂ ಜಾಗ ಬಿಡುವುದಿಲ್ಲ. ಬೆಳಕಿನ ಕಲೆಯಾದರೆ ಗೋಸುಂಬೆಯ ಹಾಗೆ ಬಣ್ಣ ಬದಲಿಸುತ್ತದೆ. ಅದೇ ಪರೀಕ್ಷೆಯನ್ನು ತನ್ನ ಚುಕ್ಕಿಗೂ ಒಡ್ಡಿದಳು. ಅದು ಉದ್ದವಾಯಿತು, ಮಂಕಾಯಿತು, ಕೊನೆಗೆ ಇಲ್ಲವೇ ಆಯಿತು. ಇನ್ನೊಮ್ಮೆ ಮಾಡಿದರೂ ಅಷ್ಟೇ.

ಬೇಸರವನ್ನು ನುಂಗಿಕೊಂಡು ಹುಡುಕಾಟ ಮುಂದುವರಿಸಿದಳು. ಇಲ್ಲಿಯವರೆಗೆ ಅವಳು ಧೂಳಿನ ತಟ್ಟೆಯಷ್ಟನ್ನೇ ಉಳಿಸಿಕೊಂಡು ಚಿತ್ರದ ಹೊರಭಾಗವನ್ನು ಕತ್ತರಿಸಿಬಿಡುತ್ತಿದ್ದಳು. ಅನುಮಾನಪ್ಪ ಎಲ್ಲಿ ಬೇಕಾದರೂ ಇಟ್ಟಿರಬಹುದಲ್ಲ ಎಂದು ಈಗ ಇಡೀ ಚಿತ್ರವನ್ನು ತೆರೆದಳು.

ಉತ್ತರ ಒಪ್ಪಿಸಲು ಹೋದಾಗ ಅವರು ಮೊದಲು ಕೇಳಿದ್ದು, "ನಿಮ್ಮ ಚುಕ್ಕಿ ಏನಾಯ್ತು?"

"ಹೋಯ್ತು ಸರ್. ಧೂಳಿನ ಅಂಚೇ. ನೀವು ಹೇಳಿದ್ದು ಸರಿ."

ಅವರು ಹಂಗಿಸಲಿಲ್ಲ. "ಬಚ್ಚಿಟ್ಟಿದ್ದು?"

"ಮೂರು ಸಿಕ್ಕಿವೆ."

ಅವರು ಪರದೆಯತ್ತ ಬಗ್ಗಿದರು. ತಟ್ಟೆಯೊಳಗಿನ ಎರಡಕ್ಕೂ ತಲೆಯಾಡಿಸಿದರು. ತಟ್ಟೆಯಿಂದ ಆಚೆ, ಒಂಟಿಯಾಗಿದ್ದ ಮೂರನೆಯದರ ಹತ್ತಿರ ಅವರ ಕಣ್ಣು ನಿಂತಿತು.

"ಇದು ನಂದಲ್ಲ."

"ಅಂದ್ರೆ?"

"ನಾನಿಟ್ಟಿದ್ದು ಎರಡೇ ಕಣಮ್ಮ."

ಮಾತಿಗೆ ಕಾಯದೆ ಅವಳು ಸುಳ್ಳು ಬೆರೆಸದ ಮೂಲ ಚಿತ್ರಗಳನ್ನು ತೆರೆದಳು. ಅಲ್ಲೂ ಇತ್ತು. ಇಬ್ಬರೂ ಒಂದೊಂದು ಚಿತ್ರವನ್ನೂ ತೆರೆದು ನೋಡಿದರು. ಆದರೂ ಅನುಮಾನಪ್ಪ ಅನುಮಾನಪ್ಪನೇ. "ಹಿಂದುಗಡೆ ಎಲ್ಲೋ ದೂರದಲ್ಲಿರೋ ಬೇರೆ ನಕ್ಷತ್ರ ಇರಬಹುದು" ಎಂದರು.

ಇರಬಹುದಿತ್ತು. ಆಕಾಶದಲ್ಲಿ ಆ ಎಳೆಯ ನಕ್ಷತ್ರ ನಿಧಾನವಾಗಿ ಜಾಗ ಬದಲಿಸುತ್ತದೆ. ಚುಕ್ಕಿ ಅದನ್ನೇ ಸುತ್ತುವ ಗ್ರಹವಾದರೆ ಜೊತೆಗೇ ಸಾಗಬೇಕು, ಬೇರೆಯದಾದರೆ ಹಿಂದುಳಿಯಬೇಕು. ಮುಂದಿನ ವರ್ಷದ ಚಿತ್ರಕ್ಕೆ ಕಾಯುವುದೊಂದೇ ದಾರಿ. ಕಾದರು. ಆ ವರ್ಷವಿಡೀ ಅತ್ತೆ ಊಟಕ್ಕೆ ಕೂತಾಗಲೆಲ್ಲ, "ನಿನ್ನ ಮೂರನೆಯವನ ಸುದ್ದಿ ಏನೇ?" ಎಂದು ವಿಚಾರಿಸುತ್ತಲೇ ಇದ್ದರು.

ಹೊಸ ಚಿತ್ರ ಬಂದ ದಿನ ಅಳತೆಯನ್ನು ಅವಳೊಮ್ಮೆ ಮಾಡಿದಳು, ಅವರೊಮ್ಮೆ ಮಾಡಿದರು. ನಕ್ಷತ್ರ ಸರಿದಿತ್ತು. ಚುಕ್ಕಿಯೂ ಅಷ್ಟೇ ಸರಿದಿತ್ತು.

"ಜೊತೆಗೇ ಬಂದಿದೆ" ಎಂದರು ಅನುಮಾನಪ್ಪ, ಮೆಲ್ಲಗೆ. ಅವಳು ಎರಡೂ ವರ್ಷದ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟಳು. ಅವನ್ನು ನೋಡುತ್ತ ಅವರು ಕೇಳಿದರು, "ಬೇರೆ ನಕ್ಷತ್ರಗಳ ಚಿತ್ರದಲ್ಲೂ ನಾವು ಹೊರಭಾಗ ಕತ್ತರಿಸಿ ಬಿಟ್ಟಿದೀವಿ, ಅಲ್ವಾ?"

"ಎಲ್ಲದರಲ್ಲೂ ಸರ್."

ಅವರು ಕುರ್ಚಿಯನ್ನು ಅವಳ ಮೇಜಿನತ್ತ ಎಳೆದುಕೊಂಡರು. "ಒಂದೊಂದಾಗಿ ತೆಗೀರಿ ಮತ್ತೆ."