ಅಕುಲಿನಾಳ ಗಂಟಲು

ಪಾಂತೆಲೆಯ ಗದ್ದಕ್ಕೆ ಕಟ್ಟಿದ್ದ ಬಟ್ಟೆಯ ಗಂಟು ಬಿಗಿದುಕೊಂಡುಬಿಟ್ಟಿತ್ತು. ಅಕುಲಿನಾ ಗಂಡನ ಶವಪೆಟ್ಟಿಗೆಯ ಮೇಲೆ ಬಾಗಿ ಅದನ್ನು ಉಗುರಿನಿಂದ ಬಿಡಿಸಲು ಹೆಣಗುತ್ತಿದ್ದಾಗ ನಾದಿನಿ ಲಿಸಾವೆತಾ ಹಿಂದಿನಿಂದ ಬಂದು ಭುಜ ತಿವಿದಳು.

“ಅತ್ತಿಗೆ, ಇನ್ನರ್ಧ ಗಂಟೇಲಿ ಪಾದ್ರಿ ಬರ್ತಾರೆ. ಆಸ್ಪತ್ರೆಯಿಂದ ಅಣ್ಣನ್ನ ತಂದು ಇಳಿಸಿ ಒಂದು ದಿನ ಆಯ್ತು. ಒಂದು ಸಲನಾದ್ರೂ ಬಾಯಿ ಬಿಟ್ಟು ಅತ್ತಿದೀಯಾ ನೀನು? ಅಂಗಳದ ತುಂಬ ಜನ ಕೂತಿದಾರೆ. ಅವರಿಗೇನು ಕಿವಿ ಇಲ್ವಾ?”

ಅಕುಲಿನಾ ಕೊರಳಿಗೆ ಸುತ್ತಿದ್ದ ಉಣ್ಣೆಯ ಪಟ್ಟಿಯನ್ನು ಮುಟ್ಟಿ ತೋರಿಸಿ ಆಗದು ಎಂದು ತಲೆಯಾಡಿಸಿದಳು.

“ಗಂಟಲಂತೆ ಗಂಟಲು! ಹೋದ ತಿಂಗಳು ನಾಯಿ ಕೋಳಿ ಹಿಡಿದಾಗ ನೀನು ಕೂಗಿದ್ದು ಪ್ರೂತ್ ನದಿ ಆಚೆ ದಡದೋರಿಗೂ ಕೇಳಿಸಿರುತ್ತೆ.”

ಅದು ಸುಳ್ಳೇನಲ್ಲ. ಅಕುಲಿನಾಳದು ತಗ್ಗಿದ, ಒರಟಾದ ದನಿ. ಪ್ರತಿ ಮಾತಿನ ಕೊನೆಗೆ ಉಸಿರು ಒಂದು ಕ್ಷಣ ಸಿಕ್ಕಿಕೊಂಡು ಬಿಡುತ್ತಿತ್ತು. ಒಮ್ಮೆ ಕೇಳಿದವರು ಮರೆಯುವಂಥ ದನಿಯಲ್ಲ. ಅವಳ ಸಂಕಟವೂ ಅದೇ.

ಆ ಊರಲ್ಲಿ ಹೆಂಡತಿಯಾದವಳು ಸತ್ತವನನ್ನು ಹೆಸರು ಹಿಡಿದು ಕರೆದು, ರಾಗವಾಗಿ ಅತ್ತು ಕಳಿಸಬೇಕು. ಹೊಟ್ಟೆಯಲ್ಲಿರುವುದನ್ನೆಲ್ಲ ಅಂದು ಹೊರಗೆ ಹಾಕಬಹುದು. ಕುಡಿದು ಬಂದು ಹೊಡೆದದ್ದು, ಅತ್ತೆ ಕೊಟ್ಟ ಕಾಟ, ಯಾರಿಗೂ ಹೇಳದ ಗುಟ್ಟು, ಯಾವುದನ್ನಾದರೂ. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಹಾಗೆ ಅಳಿಸಿಕೊಳ್ಳದೆ ಹೋದವನನ್ನು ಮಾತ್ರ ಮೂಕ ಹೆಣ ಎನ್ನುತ್ತಾರೆ, ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಲಿಸಾವೆತಾ ನಿನ್ನೆಯಿಂದ ಸಾಕಷ್ಟು ಅತ್ತಿದ್ದಳು, ಆದರೆ ತಂಗಿಯ ಅಳು ತಂಗಿಯ ಲೆಕ್ಕಕ್ಕೆ.

ಗಂಟು ಕೊನೆಗೂ ಬಿಚ್ಚಿತು. ಅಷ್ಟರಲ್ಲಿ ಇಗ್ನಾತ್ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ಇದೇ ಊರಿನ ನಲವತ್ತೈದರ ಗಂಡಸು. ಸುದ್ದಿ ಕೇಳಿದ್ದೇ ಇಟಲಿಯಿಂದ ಎರಡು ದಿನ ಒಬ್ಬನೇ ವ್ಯಾನು ಓಡಿಸಿಕೊಂಡು ನಿನ್ನೆ ಹೆಣ ಇಳಿಸುವ ಹೊತ್ತಿಗೆ ಬಂದು ಮುಟ್ಟಿದ್ದ, ಕಣ್ಣು ಇನ್ನೂ ಕೆಂಡವಾಗಿದ್ದವು. ಅವನ ಅಂಗೈಯಲ್ಲಿ ಪಾಂತೆಲೆಯ ಪುಟ್ಟ ಬೆಳ್ಳಿ ಬಣ್ಣದ ಡಿಜಿಟಲ್ ಕ್ಯಾಮೆರಾ ಇತ್ತು.

“ಕಪಾಟಲ್ಲಿತ್ತು ಚಿಕ್ಕಮ್ಮ, ಕೇಳದೆ ತಗೊಂಡೆ. ಬ್ಯಾಟರಿ ಚಾರ್ಜ್ ಮಾಡಿದೀನಿ. ಊರಿನೋರನ್ನೆಲ್ಲ ಇದೇ ಕಳಿಸಿಕೊಡ್ತು, ಚಿಕ್ಕಪ್ಪನ್ನೂ ಇದೇ ಕಳಿಸಿಕೊಡಲಿ. ವಿಡಿಯೋ ನಾನು ಹಿಡೀತೀನಿ. ಅಮ್ಮನ ದನಿ ನನಗೆ ತಂದುಕೊಟ್ಟೋರು ಅವರು. ಅಷ್ಟಾದ್ರೂ ಮಾಡ್ಬೇಡ್ವಾ?”

ಅಕುಲಿನಾ ಆಗಲಿ ಎಂಬಂತೆ ತಲೆಯಾಡಿಸಿದಳು.

*

ಊರಿನ ಅರ್ಧ ಜನ ಇಟಲಿಯಲ್ಲಿದ್ದರು. ಮುದುಕರನ್ನು ನೋಡಿಕೊಳ್ಳುವುದು, ಗಾರೆ ಕೆಲಸ, ದ್ರಾಕ್ಷಿ ಕೊಯ್ಲು. ಕಾಗದಪತ್ರ ಸರಿಯಿಲ್ಲದವರೇ ಹೆಚ್ಚು. ಅಪ್ಪ ಸತ್ತರೆಂದು ಗಡಿ ದಾಟಿ ಬಂದರೆ ಮತ್ತೆ ಆಚೆ ಹೋಗುವಂತಿರಲಿಲ್ಲ. ಹಾಗಾಗಿ ಅಂತ್ಯಕ್ರಿಯೆಯೇ ಅವರಿದ್ದಲ್ಲಿಗೆ ಹೋಗಬೇಕಾಯಿತು. ಟ್ರಾಕ್ಟರ್ ರಿಪೇರಿ ಬಿಟ್ಟು ಮನೆಯಲ್ಲಿ ಕೂತಿದ್ದ ಪಾಂತೆಲೆ ಆ ಕೆಲಸಕ್ಕೆ ನಿಂತ. ಪುಟ್ಟ ಕ್ಯಾಮೆರಾದಲ್ಲಿ ಎಲ್ಲ ಹಿಡಿದು, ಅದರ ಮೆಮೊರಿ ಕಾರ್ಡನ್ನು ಬೆಂಕಿಪೊಟ್ಟಣದಲ್ಲಿಟ್ಟು, ಬಟ್ಟೆಯಲ್ಲಿ ಹೊಲಿದು, ಭಾನುವಾರದ ಪಾರ್ಸೆಲ್ ವ್ಯಾನಿನಲ್ಲಿ ಚೀಸು, ಉಪ್ಪಿನಕಾಯಿಗಳ ನಡುವೆ ಕಳಿಸುತ್ತಿದ್ದ.

ಅವನಿಗೆ ಅದರ ಹುಚ್ಚು ಹಿಡಿದಿತ್ತು. ಇಪ್ಪತ್ತೊಂಬತ್ತು ನಿಮಿಷಕ್ಕೆ ಕ್ಯಾಮೆರಾ ತಾನೇ ನಿಂತುಬಿಡುತ್ತದೆಂದು ಪಾದ್ರಿಯ ಪ್ರಾರ್ಥನೆಯನ್ನೂ ಗಡಿಯಾರ ನೋಡಿ ಅಳೆಯುತ್ತಿದ್ದ. ಗಾಳಿ ಮೈಕಿಗೆ ಬಡಿಯದಂತೆ ಕುರಿ ಉಣ್ಣೆಯ ತುಣುಕು ಅಂಟಿಸಿದ್ದ. ಅಳುವ ಹೆಂಗಸರ ಬಳಿ ಹೋಗಿ, “ಪೆಟ್ಟಿಗೆ ಕಡೆ ಅಲ್ಲ, ಇತ್ತ ತಿರುಗಿ ಅಳಮ್ಮ, ಮಗನಿಗೆ ಕೇಳಿಸ್ಬೇಕು” ಎನ್ನುತ್ತಿದ್ದ. ಬೈಸಿಕೊಳ್ಳುತ್ತಿದ್ದ.

“ಚಿತ್ರ ಒಂದ್ಸಲ ನೋಡ್ತಾರೆ ಅಕುಲಿನಾ. ದನೀನ ಮಾತ್ರ ದಿನಾ ಕೇಳ್ತಾರೆ. ನನ್ನ ಸರದಿ ಬಂದಾಗ ನೀನು ಜೋರಾಗಿ ಅಳು. ಇದರ ಮೈಕು ಸಣ್ಣದು.”

“ನಿನ್ನ ಸರದಿಗೆ ಅಳೋದಾ? ಹಬ್ಬ ಮಾಡ್ತೀನಿ,” ಎಂದಿದ್ದಳು ಅವಳು.

*

ಪೆಟ್ಟಿಗೆಯನ್ನು ಎತ್ತಿದರು. ಹೊಸ್ತಿಲಿಗೆ ಮೂರು ಸಲ ತಗುಲಿಸಿದರು, ಸತ್ತವನು ಮನೆಗೆ ಹೇಳಿ ಹೋಗಬೇಕಲ್ಲ. ಅಳು ಕೇಳಿಬರಬೇಕಾದ ಗಳಿಗೆ ಅದು. ಹೊತ್ತವರು ಕೂಡ ತಡೆದು ನಿಂತರು. ಅಕುಲಿನಾ ತುಟಿ ಕಚ್ಚಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಮೂರು ಹೆಜ್ಜೆ ಆಚೆ ಇಗ್ನಾತ್ ಕ್ಯಾಮೆರಾ ಹಿಡಿದು ನಿಂತಿದ್ದ, ಅದರ ಕೆಂಪು ದೀಪ ಉರಿಯುತ್ತಿತ್ತು.

“ಮೂಕ ಹೆಣ ಮಾಡಿಬಿಟ್ಲು,” ಯಾರೋ ಮುದುಕಿ ಮೆಲ್ಲಗೆ ಅಂದಳು, ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ.

“ನಲವತ್ತು ವರ್ಷ ಸಾಕಿದ್ದಕ್ಕೆ ಇದಾ?” ಲಿಸಾವೆತಾ ಬಿಕ್ಕುತ್ತ ಪಕ್ಕಕ್ಕೆ ಬಂದು ತೋಳು ಹಿಡಿದಳು. “ಆ ಇಗ್ನಾತ್ ಊರಿಗೆ ಬಂದಾಗಲೇ ನಿನಗೆ ಗಂಟಲು ಕಟ್ಟುತ್ತೆ. ನಾನೂ ಪ್ರತಿ ವರ್ಷ ನೋಡ್ತಿದೀನಿ. ಏನೇ ಅದು? ಅವನೇನು ದೃಷ್ಟಿ ಹಾಕ್ತಾನಾ?”

ಅಕುಲಿನಾ ಅವಳ ಕೈ ಕೊಡವಿ ಪೆಟ್ಟಿಗೆಯ ಹಿಂದೆ ನಡೆದಳು.

*

ಒಂಬತ್ತು ವರ್ಷದ ಹಿಂದೆ ಇಗ್ನಾತನ ತಾಯಿ ದೊಕಿತ್ಸಾ ಹಾಸಿಗೆ ಹಿಡಿದಿದ್ದಳು. ಅಪ್ಪ ಸತ್ತಾಗ ಮಗ ಬರಲಿಲ್ಲವೆಂದು ಅವಳು ಅವನ ಫೋನು ಬಂದರೂ ಎತ್ತುತ್ತಿರಲಿಲ್ಲ. “ಅಪ್ಪನ ಮಣ್ಣಿಗೆ ಬರದೋನಿಗೆ ಅಮ್ಮನೂ ಇಲ್ಲ,” ಅನ್ನುತ್ತಿದ್ದಳು. ಇಗ್ನಾತ್ ಪಾಂತೆಲೆಗೆ ಫೋನು ಮಾಡಿ ಅತ್ತಿದ್ದ. “ಹೋಗಿ ಚಿಕ್ಕಪ್ಪ, ಕ್ಯಾಮೆರಾ ತಗೊಂಡು ಹೋಗಿ. ಕ್ಷಮಿಸಿದೀನಿ ಅಂತ ಒಂದು ಮಾತು. ಒಂದೇ ಮಾತು ಹಿಡ್ಕೊಂಡು ಬನ್ನಿ.”

ಪಾಂತೆಲೆ ಹೋದ. ದೊಕಿತ್ಸಾ ಕ್ಯಾಮೆರಾ ನೋಡಿದ್ದೇ ಗೋಡೆಯ ಕಡೆ ಮುಖ ತಿರುಗಿಸಿದಳು. ಅವನು ಹಿಡಿದುಕೊಂಡೇ ನಿಂತ. ಇಪ್ಪತ್ತೊಂಬತ್ತು ನಿಮಿಷಕ್ಕೆ ಅದು ನಿಂತಿತು, ಮತ್ತೆ ಒತ್ತಿದ, ಮತ್ತೆ ನಿಂತಿತು. “ನಿನ್ನ ಡಬ್ಬಿ ಮುಚ್ಚು ಪಾಂತೆಲೆ,” ಅಂದಳು ಮುದುಕಿ. ಅವಳು ಆಡಿದ್ದು ಅಷ್ಟೇ. ಎರಡು ದಿನಕ್ಕೆ ತೀರಿಕೊಂಡಳು.

ಇಟಲಿಯಲ್ಲಿ ಇಗ್ನಾತನ ಜೊತೆ ಇದ್ದವನು ಪಾಂತೆಲೆಗೆ ಫೋನು ಮಾಡಿ, ಅವನು ಮೂರು ದಿನದಿಂದ ಕೆಲಸಕ್ಕೆ ಹೋಗಿಲ್ಲ, ಸೇತುವೆಯ ಮೇಲೆ ಹೋಗಿ ನಿಲ್ಲುತ್ತಾನೆ ಎಂದು ಹೇಳಿದ. ಆ ಮಧ್ಯಾಹ್ನ ಪಾಂತೆಲೆ ಹೆಂಡತಿಯನ್ನು ನೆಲಮಾಳಿಗೆಗೆ ಕರೆದೊಯ್ದ. ವೈನಿನ ಪೀಪಾಯಿಗಳ ನಡುವೆ ಕಂಬಳಿಗಳನ್ನು ಇಳಿಬಿಟ್ಟ. ಚಿತ್ರ ಕಪ್ಪಾಗಿ ಬರಲೆಂದು ಕ್ಯಾಮೆರಾದ ಕಣ್ಣಿಗೆ ಕರವಸ್ತ್ರ ಸುತ್ತಿದ. ಬಲ್ಬು ಸುಟ್ಟುಹೋಗಿತ್ತು ಎಂದು ಹೇಳಿದರಾಯಿತು. ಕಾಯಿಲೆಗೆ ದನಿ ಒಡೆದಿತ್ತು ಎಂದರೆ, ಊರು ಬಿಟ್ಟು ಎಷ್ಟೋ ವರ್ಷವಾದ ಇಗ್ನಾತ್ ನಂಬುತ್ತಾನೆ.

“ಇದು ಪಾಪ ಪಾಂತೆಲೆ.”

“ಪಾಪ ನಂದು. ದನಿ ಮಾತ್ರ ನಿಂದು. ಹೇಳು.”

ಮೊದಲ ಸಲ ಅವಳು ಹೇಳಿದಾಗ ಅವನು ತಲೆ ಚಚ್ಚಿಕೊಂಡ. “ನೀನು ಸಾಯ್ತಿದೀಯ ಕಣೇ, ಸಂತೆಗೆ ಹೋಗ್ತಿಲ್ಲ!” ಎರಡನೆಯ ಸಲ ನೀರಿನ ಪಂಪು ಶುರುವಾಯಿತು. ಮೂರನೆಯ ಸಲ ಅವಳು ಕಣ್ಣು ಮುಚ್ಚಿ ಹೇಳಿದಳು: “ಇಗ್ನಾತ್, ಮಗನೇ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಕ್ಷಮಿಸಿದೀನಿ. ಚಳೀಲಿ ಬರಿ ತಲೇಲಿ ತಿರುಗಬೇಡ.”

ಕೊನೆಯ ಮಾತು ಪಾಂತೆಲೆ ಹೇಳಿಕೊಟ್ಟದ್ದಲ್ಲ, ತಾನಾಗಿ ಬಂದದ್ದು. ಅಕುಲಿನಾಗೆ ಮಕ್ಕಳಿರಲಿಲ್ಲ. ಮಗನೇ ಎಂದು ಯಾರನ್ನೂ ಆವರೆಗೆ ಕರೆದಿರಲಿಲ್ಲ. ಕರೆದಾಗ ಹಿತವಾಯಿತು, ಇನ್ನೊಂದು ಸಲ ಕರೆಯೋಣ ಅನ್ನಿಸಿತು. ಸುಳ್ಳು ಹೇಳಿದ್ದಕ್ಕಿಂತ ಆ ಹಿತವೇ ಅವಳನ್ನು ಒಂಬತ್ತು ವರ್ಷ ಸುಟ್ಟಿತು.

ಎರಡು ವರ್ಷದ ನಂತರ ಕಾಗದಪತ್ರ ಸರಿಯಾಗಿ ಇಗ್ನಾತ್ ಪ್ರತಿ ಆಗಸ್ಟಿನಲ್ಲಿ ಬರತೊಡಗಿದ. ಅಮ್ಮನ ದನಿ ಅವನ ಫೋನಿನಲ್ಲಿತ್ತು. ಮಗಳಿಗೂ ಕೇಳಿಸಿದ್ದ, ಇಟಲಿಯ ಪಾದ್ರಿಗೂ ಕೇಳಿಸಿದ್ದ. ಅವನು ಬಂದಾಗಲೆಲ್ಲ ಅಕುಲಿನಾ ಕೊರಳಿಗೆ ಪಟ್ಟಿ ಸುತ್ತಿಕೊಂಡು ಮೂಕಿಯಾಗುತ್ತಿದ್ದಳು. ಪಾಪ, ಅವನು ಅವಳಿಗೆಂದೇ ಜೇನಿನ ಗಂಟಲು ಮಾತ್ರೆ ತರುತ್ತಿದ್ದ.

*

ಸ್ಮಶಾನದಲ್ಲಿ ಪಾದ್ರಿ ಪ್ರಾರ್ಥನೆ ಮುಗಿಸುವ ಹೊತ್ತಿಗೆ ಕ್ಯಾಮೆರಾ ಕೀಂಗುಟ್ಟಿ ನಿಂತಿತು. ಇಗ್ನಾತ್ ಅದನ್ನು ಮತ್ತೆ ಒತ್ತಿ, ಅಕುಲಿನಾಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದ: “ಹೆಂಗಸರ ಮಾತು ತಲೆಗೆ ಹಾಕ್ಕೋಬೇಡಿ ಚಿಕ್ಕಮ್ಮ. ಗಂಟಲು ನೋಯಿಸ್ಕೋಬೇಡಿ. ಲಿಸಾವೆತಕ್ಕ ಅಳೋದನ್ನ ಬೇರೆಯಾಗಿ ಹಿಡ್ಕೊಂಡು, ಆಮೇಲೆ ನಿಮ್ಮ ಮುಖದ ಮೇಲೆ ಕೂರಿಸ್ತೀನಿ. ಇಟಲೀಲಿರೋರಿಗೆ ಗೊತ್ತೇ ಆಗಲ್ಲ. ನೀವೇ ಅತ್ತ ಹಾಗಿರುತ್ತೆ.”

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅಕುಲಿನಾ ಅವನ ಮುಖವನ್ನು ನೋಡಿದಳು, ಆಮೇಲೆ ಪೆಟ್ಟಿಗೆಯಲ್ಲಿದ್ದ ಗಂಡನ ಮುಖವನ್ನು. ತಾನಿದ್ದೂ ಇನ್ನೊಬ್ಬಳ ದನಿಯಲ್ಲಿ ಪಾಂತೆಲೆಯನ್ನು ಕಳಿಸಬೇಕೇ? ಕಲ್ಲು ಮನಸ್ಸಿನವಳಿಗೂ ಆಗದು, ಅವಳಿಗೂ ಆಗಲಿಲ್ಲ. ಅವಳು ಕೊರಳ ಪಟ್ಟಿಯನ್ನು ಕಿತ್ತು ಪೆಟ್ಟಿಗೆಯ ಮೇಲೆ ಬಿದ್ದಳು.

“ಪಾಂತೆಲೇ! ಏಳೋ ಪಾಂತೆಲೇ! ನನ್ನ ಬಾಯಿ ಕಟ್ಟಿ ಎಲ್ಲಿಗೆ ಹೊರಟೆಯೋ! ಒಂಬತ್ತು ವರ್ಷ ನನ್ನ ನಾಲಿಗೆ ನಿನ್ನ ಜೇಬಲ್ಲಿತ್ತಲ್ಲೋ!”

ಹೆಂಗಸರು ಸರಿದು ಜಾಗ ಬಿಟ್ಟರು. ಲಿಸಾವೆತಾ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡಳು. ಪೆಟ್ಟಿಗೆಯ ಕಡೆ ಇದ್ದ ಕ್ಯಾಮೆರಾ ನಿಧಾನವಾಗಿ ತನ್ನ ಕಡೆ ತಿರುಗಿದ್ದು ಅಕುಲಿನಾಗೆ ಕಂಡಿತು. ಅದರ ಹಿಂದೆ ಇಗ್ನಾತನ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಅವನ ತುಟಿ ಏನನ್ನೋ ಹೇಳಿಕೊಳ್ಳುತ್ತಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ. ಅಳು ಅರ್ಧಕ್ಕೆ ನಿಂತರೆ ಗಂಡನಿಗೆ ಅವಮಾನ, ಮುಂದುವರಿದರೆ ಈ ಮಗನಿಗೆ ಸಾವು, ಅವಳಿಗೆ ಇನ್ನು ಯಾವುದೂ ಕೈಯಲ್ಲಿರಲಿಲ್ಲ.

“ನೆಲಮಾಳಿಗೇಲಿ ಕಂಬಳಿ ಕಟ್ಟಿದೆಯಲ್ಲೋ! ಸತ್ತೋಳ ಮಾತು ನನ್ನ ಬಾಯಲ್ಲಿ ಆಡಿಸಿದೆಯಲ್ಲೋ! ಹಡೆಯದೋಳ ಕೈಲಿ ಮಗನೇ ಅನ್ನಿಸಿದೆಯಲ್ಲೋ! ಪಾಪ ನಂದು ಅಂದೋನೇ, ನೀನು ಹೋದ್ಮೇಲೆ ಅದು ಯಾರದೋ ಪಾಂತೆಲೇ?”

ದನಿ ಹರಿದು ಉಸಿರು ಸಿಕ್ಕಿಕೊಂಡಾಗ ಅವಳನ್ನು ಹಿಡಿದು ಎಬ್ಬಿಸಿದರು. ಯಾರಿಗೂ ಮಾತಿನ ಅರ್ಥ ಬೇಕಿರಲಿಲ್ಲ. ಲಿಸಾವೆತಾ ಅವಳ ಕೆನ್ನೆ ಒರೆಸುತ್ತ, “ಎಷ್ಟು ಚೆನ್ನಾಗಿ ಅತ್ತೆ ಅತ್ತಿಗೆ! ಅಣ್ಣನ ಜನ್ಮ ಸಾರ್ಥಕ ಆಯ್ತು,” ಅಂದಳು. ಮುಚ್ಚಳಕ್ಕೆ ಮೊಳೆ ಹೊಡೆದರು. ಹಗ್ಗ ಬಿಟ್ಟು ಪೆಟ್ಟಿಗೆಯನ್ನು ಕೆಳಗಿಳಿಸಿದರು. ಅಷ್ಟು ಹೊತ್ತೂ ಕ್ಯಾಮೆರಾ ಅಕುಲಿನಾಳ ಬಾಯಿಯನ್ನು ಬಿಟ್ಟು ಅತ್ತಿತ್ತ ಹೋಗಲಿಲ್ಲ.

ಮಣ್ಣು ಎಳೆಯುವ ಮೊದಲು ರೊಟ್ಟಿ ದಾಟಿಸಬೇಕು. ದುಂಡಗೆ ಹೆಣೆದ ರೊಟ್ಟಿ, ಅದಕ್ಕೊಂದು ಹೊಸ ಟವೆಲು, ನಡುವೆ ಉರಿಯುವ ಮೇಣದ ಬತ್ತಿ. ಗುಂಡಿಯ ಈಚೆಯಿಂದ ಹೆಂಡತಿ ಚಾಚುತ್ತಾಳೆ, ಆಚೆ ನಿಂತವರು ಹಿಡಿದು “ದೇವರು ಅವನನ್ನ ಕ್ಷಮಿಸಲಿ” ಎನ್ನುತ್ತಾರೆ, ಆಗ ಅವಳು ಕೈ ಬಿಡುತ್ತಾಳೆ. ಹೊತ್ತ ನಾಲ್ವರು ಒಬ್ಬೊಬ್ಬರಾಗಿ ಬಂದು ಅಂದರು. ಗುಂಡಿ ತೋಡಿದ ಇಬ್ಬರೂ ಅಂದರು. ಕೊನೆಯದು ಚಿತ್ರ ಹಿಡಿದವನಿಗೆ.

“ತಗೋ ಇಗ್ನಾತ್,” ಅಂದಳು ಅಕುಲಿನಾ. ಒಂಬತ್ತು ವರ್ಷದಲ್ಲಿ ಅವನ ಎದುರಿಗೆ ಅವನಿಗೆಂದೇ ಆಡಿದ ಮೊದಲ ಮಾತು ಅದು. ಅದರ ಮುಂದೆ ಇನ್ನೊಂದು ಪದ ನಾಲಿಗೆಗೆ ಬಂದಿತ್ತು, ಅವಳು ನುಂಗಿಕೊಂಡಳು.

ಅವನು ಗುಂಡಿಯ ಅಂಚಿಗೆ ಬಂದ. ಕ್ಯಾಮೆರಾ ಅವನ ಮಣಿಕಟ್ಟಿನಿಂದ ಜೋತಾಡುತ್ತಿತ್ತು. ಎರಡೂ ಕೈ ಚಾಚಿ ರೊಟ್ಟಿಯನ್ನು ಹಿಡಿದ.

“ಹೇಳಪ್ಪ ಇಗ್ನಾತ್,” ಲಿಸಾವೆತಾ ಪಿಸುಗುಟ್ಟಿದಳು. “ಮೇಣ ಕರಗ್ತಿದೆ.”

ಗುಂಡಿ ತೋಡಿದವರು ಸಲಿಕೆಗಳನ್ನು ಮಣ್ಣಿಗೆ ಚುಚ್ಚಿ ಕಾದು ನಿಂತರು. ಪಾದ್ರಿ ಕೆಮ್ಮಿದರು. ಬಿಸಿ ಮೇಣ ರೊಟ್ಟಿಯ ಮೇಲಿಂದ ಇಳಿದು ಮೊದಲು ಅವನ ಬೆರಳುಗಳ ಮೇಲೆ ಬಿತ್ತು, ಗಾಳಿಗೆ ಬತ್ತಿ ಈಚೆ ವಾಲಿದಾಗ ಅವಳ ಬೆರಳುಗಳ ಮೇಲೂ ಬಿತ್ತು. ಪಾಂತೆಲೆಯ ಪೆಟ್ಟಿಗೆಯ ಮೇಲೆ ಇಬ್ಬರೂ ಹಾಗೇ ಬಾಗಿ, ರೊಟ್ಟಿಯನ್ನು ಎರಡೂ ಕಡೆಯಿಂದ ಹಿಡಿದುಕೊಂಡೇ ನಿಂತಿದ್ದರು.