ಹೊಟ್ಟೆಯೊಳಗಿನ ಕತ್ತರಿ

ಕನ್ನಮ್ಮನ ಹೊಟ್ಟೆಯಲ್ಲಿ ಕತ್ತರಿ ಇದೆ ಎಂಬ ಸುದ್ದಿ ಹುಟ್ಟಿದ್ದು ಕೊಯ್ಲಿನ ಗದ್ದೆಯಲ್ಲಿ. ಹುಟ್ಟಿಸಿದವಳು ಪಕ್ಕದ ಮನೆಯ ಕೆರಿಯಮ್ಮ. ಎಲ್ಲೋ ಯಾರಿಗೋ ಆಪರೇಷನ್ ಮಾಡಿದ ಡಾಕ್ಟರು ಹೊಟ್ಟೆಯೊಳಗೇ ಕತ್ತರಿ ಮರೆತು ಹೊಲಿದುಬಿಟ್ಟಿದ್ದರಂತೆ, ಅದನ್ನು ತೆಗೆದ ಮೇಲೆ ಆ ಮನುಷ್ಯ ಎದ್ದು ಓಡಾಡಿದನಂತೆ. ಯಾರು, ಯಾವ ಊರು ಎಂದರೆ ಕೆರಿಯಮ್ಮನಿಗೂ ಗೊತ್ತಿಲ್ಲ. ಇಂಥ ಸುದ್ದಿಗೆ ಊರು ಹೆಸರು ಯಾಕೆ ಬೇಕು? ಕನ್ನಮ್ಮ ಮಾತ್ರ ಅದನ್ನು ದೇವರು ಕೊಟ್ಟ ವರದಂತೆ ಹಿಡಿದುಕೊಂಡಳು.

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ವರ್ಷ ಅವಳ ಅಪೆಂಡಿಕ್ಸ್ ಒಡೆದಿತ್ತು. ಗಂಡ ಭೂತಪ್ಪ ಹೊಸನಗರದಲ್ಲಿ ಯಾರದೋ ಲಾರಿಗೆ ಕೈ ಅಡ್ಡ ಹಾಕಿ ದೊಡ್ಡಾಸ್ಪತ್ರೆಗೆ ಒಯ್ದಿದ್ದ. ಜೀವ ಉಳಿಯಿತು, ಹೊಟ್ಟೆಯ ಮೇಲೆ ಉದ್ದನೆಯ ಹೊಲಿಗೆಯ ಗುರುತೂ ಉಳಿಯಿತು. ಕೆಲವು ತಿಂಗಳ ಮೇಲೆ ನೋವು ಬಂತು. ಬಂದದ್ದು ಹೋಗಲೇ ಇಲ್ಲ. ಉಂಡರೆ ಕರುಳು ಹಿಂಡುತ್ತಿತ್ತು, ಹೊಟ್ಟೆ ಉಬ್ಬಿ ವಾಂತಿಯಾಗುತ್ತಿತ್ತು. ಇನ್ನೊಂದು ವಿಚಿತ್ರವೆಂದರೆ ಬಗ್ಗಿದಾಗ ಸ್ವಲ್ಪ ಹಗುರ, ನೆಟ್ಟಗೆ ನಿಂತರೆ ಒಳಗೆ ಯಾರೋ ಹಿಡಿದು ಜಗ್ಗಿದ ಹಾಗೆ. ಸಸಿ ನೆಡುವಾಗ ಎಲ್ಲರಿಗಿಂತ ಹೆಚ್ಚು ಹೊತ್ತು ಬಗ್ಗಿರುವವಳು, ತಲೆಯ ಮೇಲೆ ಸೊಪ್ಪಿನ ಹೊರೆ ಇಟ್ಟರೆ ಕುಸಿದು ಕೂರುತ್ತಿದ್ದಳು. ಇದನ್ನು ಅತ್ತೆ ಹುಲಿಯಮ್ಮನ ತಲೆಗೆ ಹೇಗೆ ತುಂಬುವುದು?

“ಬಗ್ಗಾಕೆ ಆಗ್ತೈತೆ, ಎದ್ದು ನಿಲ್ಲಾಕೆ ಆಗಲ್ಲ! ಇದೆಂತಾ ನೋವೇ ಮಾರಾಯ್ತಿ? ನಮಗೂ ಹೊಟ್ಟೆ ಐತೆ” ಎನ್ನುತ್ತಿದ್ದಳು ಹುಲಿಯಮ್ಮ.

ಭೂತಪ್ಪ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಹೆಂಡತಿ ನರಳತೊಡಗಿದರೆ ಕಂಬಳಿ ಎತ್ತಿಕೊಂಡು ಜಗುಲಿಗೆ ಹೋಗಿ ಮಲಗುತ್ತಿದ್ದ. ಅತ್ತೆಯ ಮಾತನ್ನಾದರೂ ಸಹಿಸಬಹುದಿತ್ತು, ಅವನು ಕಂಬಳಿ ಎತ್ತುವುದನ್ನು ಕನ್ನಮ್ಮನಿಗೆ ಸಹಿಸಲಾಗುತ್ತಿರಲಿಲ್ಲ.

ಕತ್ತರಿಯ ಮಾತು ಕೇಳಿದಾಗ ಹುಲಿಯಮ್ಮ ಮೊದಲ ಸಲ ಕಿವಿಗೊಟ್ಟಳು. ನೋವು ಅವಳ ಕಣ್ಣಿಗೆ ಕಾಣದ್ದು. ಕಬ್ಬಿಣ ಹಾಗಲ್ಲ, ಅವಳಿಗೆ ಗೊತ್ತಿರುವ ಪದಾರ್ಥ. “ಇದ್ರೂ ಇರಬೌದು. ಪಟ ತೆಗಿಸ್ಕಂಡು ಬರ್ಲಿ, ಗೊತ್ತಾಗ್ತೈತೆ” ಎಂದಳು.

ಕನ್ನಮ್ಮನಿಗೆ ಆಗಲೇ ಗೊತ್ತಿತ್ತು. ಮಗ್ಗುಲು ಬದಲಿಸಿದರೆ ಅದು ಚುಚ್ಚುತ್ತಿತ್ತು. ಒಮ್ಮೊಮ್ಮೆ ಬಾಯಿ ತೆರೆದು ಮುಚ್ಚಿದಂತೆಯೂ ಅನಿಸುತ್ತಿತ್ತು. ಇರಲಿ ಪಾಪ, ಇದ್ದರೆ ತಾನೇ ತೆಗೆಯಲು ಬರುವುದು!

ಬೇಸಿಗೆಯಲ್ಲಿ ಗಂಡ ಹೆಂಡತಿ ಸಾಗರಕ್ಕೆ ಹೋದರು. ಭೂತಪ್ಪ ಹೊರಗಿನ ಬೆಂಚಿನ ಮೇಲೆ ಕೂತ. ಒಳಗೆ ಡಾಕ್ಟರು ಎಕ್ಸ್‌ರೇ ಪಟವನ್ನು ಬೆಳಕಿಗೆ ಹಿಡಿದು ನೋಡಿ, “ಏನೂ ಇಲ್ಲಮ್ಮ” ಎಂದರು. ಒಳ್ಳೆಯ ಸುದ್ದಿ ಹೇಳಿದೆನೆಂದು ನಕ್ಕರು ಕೂಡ.

“ಸರಿಯಾಗಿ ನೋಡಿ ಡಾಕ್ಟ್ರೇ, ಕತ್ರಿ ಐತೆ.”

“ಕತ್ತರಿ ಇದ್ದರೆ ಪಟದಲ್ಲಿ ಕಾಣದೆ ಇರುತ್ತಾ? ನೋವು ಸುಳ್ಳು ಅಂತ ನಾನು ಹೇಳ್ತಿಲ್ಲ. ಒತ್ತುಶ್ಯಾವಿಗೆ ಆರಿದ ಮೇಲೆ ಎಳೆ ಎಳೆ ಅಂಟಿಕೊಳ್ಳುತ್ತಲ್ಲ, ಹಾಗೆ ನಿನ್ನ ಕರುಳು ಒಂದಕ್ಕೊಂದು ಅಂಟಿಕೊಂಡಿರಬೇಕು. ಆಪರೇಷನ್ ಆದವರಲ್ಲಿ ಕೆಲವರಿಗೆ ಹೀಗಾಗುತ್ತೆ.”

“ಬಿಡಿಸಾಕೆ ಬರಲ್ವಾ?”

“ಬಿಡಿಸಬೇಕಾದರೆ ಮತ್ತೆ ಕೊಯ್ಯಬೇಕು. ಕೊಯ್ದ ಕಡೆ ಮತ್ತೆ ಅಂಟುತ್ತೆ, ಇನ್ನೂ ಜಾಸ್ತಿ ಅಂಟಬಹುದು. ಕರುಳು ಪೂರ್ತಿ ಕಟ್ಟಿಹೋಗೋವರೆಗೂ ಮುಟ್ಟದೆ ಇರೋದೇ ಒಳ್ಳೆಯದು. ಸ್ವಲ್ಪ ಸ್ವಲ್ಪ ಊಟ ಮಾಡು, ಭಾರ ಎತ್ತಬೇಡ.”

“ಎಷ್ಟು ದಿನ?”

ಡಾಕ್ಟರು ಪಟವನ್ನು ಲಕೋಟೆಗೆ ಹಾಕಿದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಮನಸ್ಸು ಬಂದಿರಲಿಕ್ಕಿಲ್ಲ.

ಅವಳು ಹೊರಗೆ ಬಂದ ಕೂಡಲೇ ಭೂತಪ್ಪ ದಡಕ್ಕನೆ ಎದ್ದ. “ಕಂಡ್ತಾ?”

ಅವನ ಮುಖ ನೋಡಿದಳು. ಮದುವೆಯಾದ ಹೊಸದರಲ್ಲಿ ಕಂಡಿದ್ದ ಮುಖ. ಇಲ್ಲ ಎಂದರೆ ಇವತ್ತೇ ಕಂಬಳಿ ಜಗುಲಿಗೆ ಹೋಗುತ್ತದೆ, ಇನ್ನೆಂದೂ ಒಳಗೆ ಬರುವುದಿಲ್ಲ.

“ಕಂಡ್ತು” ಎಂದಳು. “ಮಳೆಗಾಲ ಕಳೀಲಿ, ಆಮೇಲೆ ತೆಗಿಯಾನ ಅಂದ್ರು.”

ಭೂತಪ್ಪ ಬೆಂಚಿನ ಮೇಲೆ ಕೂತು ಹೆಗಲ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತ. ಬಸ್ಸಿನಲ್ಲಿ, ನಾಲ್ಕು ಜನರ ಎದುರಿಗೆ, ಅವಳ ಕೈ ಹಿಡಿದುಕೊಂಡೇ ಕೂತ.

ಆ ಮಳೆಗಾಲ ನೋವು ಇದ್ದಷ್ಟೇ ಇತ್ತು. ಆದರೆ ಹುಲಿಯಮ್ಮ ಗಂಜಿ ಬಸಿದು ತಂದು ಕೊಟ್ಟಳು, ಡಾಕ್ಟರರ ಕುಲವನ್ನೆಲ್ಲ ಬೈದಳು. ಈ ವಯಸ್ಸಿನಲ್ಲಿ ಸೊಸೆಯ ಪಾಲಿನ ಸೊಪ್ಪಿನ ಹೊರೆಯನ್ನೂ ತಾನೇ ಹೊತ್ತಳು. ಭೂತಪ್ಪ ಹೆಂಡತಿ ನರಳಿದಾಗ ಎದ್ದು ಕೂತು ಬೆನ್ನು ನೀವಿದ. ಸುಳ್ಳಿನ ಅನ್ನ ಇಷ್ಟು ರುಚಿಯಾಗಿರುತ್ತದೆಂದು ಕನ್ನಮ್ಮನಿಗೆ ಗೊತ್ತಿರಲಿಲ್ಲ. ಉಂಡದ್ದು ವಾಂತಿಯಾದರೂ ಉಂಡಳು.

ದೀಪಾವಳಿ ಕಳೆಯಿತು. ಒಂದು ಸಂಜೆ ಭೂತಪ್ಪ ಹುರುಪಿನಿಂದ ಬಂದ. ತೀರ್ಥಹಳ್ಳಿಯಲ್ಲಿ ಕೊಯ್ಯುವ ಡಾಕ್ಟರೊಬ್ಬರನ್ನು ಕಂಡು ಮಾತಾಡಿದ್ದ. ಅವರು ಪಟ ಕೂಡ ಕೇಳದೆ, ಬಿಚ್ಚಿ ನೋಡೋಣ, ಕರೆದುಕೊಂಡು ಬಾ ಎಂದಿದ್ದರು. ಹುಲಿಯಮ್ಮ ಆಗಲೇ ಊರ ಚೌಡಿಗೆ ಹರಕೆ ಹೊತ್ತಿದ್ದಳು. “ಆ ಕತ್ರಿ ಅಲ್ಲೇ ಬಿಟ್ಟು ಬರಬ್ಯಾಡ್ರೋ, ಕೇಳಿ ಈಸ್ಕಂಡು ಬನ್ನಿ. ಚೌಡಿ ಮರಕ್ಕೆ ಕಟ್ಟಬೇಕು.”

ಕನ್ನಮ್ಮ ಒಲೆಯ ಮುಂದೆ ಕೂತಲ್ಲೇ ಹೇಳಿಬಿಟ್ಟಳು: “ಕತ್ರಿ ಇಲ್ಲ ಅತ್ತೆ. ಪಟದಲ್ಲಿ ಏನೂ ಕಾಣಲಿಲ್ಲ. ನಾನೇ ಸುಳ್ಳು ಹೇಳ್ದೆ. ಕೊಯ್ದರೆ ಇನ್ನೂ ಜಾಸ್ತಿ ಆಗ್ತೈತೆ ಅಂದ್ರು.”

ಬೈಗುಳಕ್ಕೆ ತಲೆ ತಗ್ಗಿಸಿ ಕಾದಳು. ಬರಲಿಲ್ಲ. ಹುಲಿಯಮ್ಮ ಹತ್ತಿರ ಬಂದು ಅವಳ ತಲೆ ಸವರಿದಳು.

“ಹೆದ್ರಿಕಂಡೀಯ ಮಗಳೇ. ಚಾಕು ಅಂದ್ರೆ ಯಾರಿಗೆ ಹೆದ್ರಿಕೆ ಆಗಲ್ಲ?”

“ನಾನು ಪಕ್ಕದಲ್ಲೇ ಇರ್ತೀನಿ ಕಣೆ” ಎಂದ ಭೂತಪ್ಪ.

ಅವಳು ಆಣೆ ಇಟ್ಟಳು, ಅತ್ತಳು. ಅತ್ತಷ್ಟೂ ಅವರು ಹೆಚ್ಚು ಹೆಚ್ಚು ಸಮಾಧಾನ ಹೇಳಿದರು. ನಿಜವಾದ ನೋವನ್ನು ಹೇಳಿದಾಗ ನಂಬದವರು, ಈಗ ನಿಜ ಹೇಳಿದರೂ ನಂಬಲಿಲ್ಲ.

ಬೆಳಿಗ್ಗೆ ಗಾಡಿಗೆ ಹುಲ್ಲು ಹಾಸಿ ಅದರ ಮೇಲೆ ಕಂಬಳಿ ಹಾಸಿದ್ದರು. ಅದೇ ಕಂಬಳಿ. ಕನ್ನಮ್ಮ ಮೊಣಕಾಲನ್ನು ಎದೆಗೆ ಮಡಚಿಕೊಂಡು ಮಲಗಿದಳು. ಕೊಯ್ಯುತ್ತಾರೆ, ಏನೂ ಸಿಕ್ಕುವುದಿಲ್ಲ, ಹೊಲಿಯುತ್ತಾರೆ. ಆಮೇಲೆ ಇವರ ಮುಖ ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗಾಡಿ ಹೊಳೆದಾರಿ ಹಿಡಿದಾಗ ಅವಳ ಕೈ ಹೊಲಿಗೆಯ ಗುರುತಿನ ಮೇಲೆ ಹೋಯಿತು. ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿದಳು. ಸಾಗರದ ಡಾಕ್ಟರು ಸರಿಯಾಗಿ ನೋಡಿರಲಿಕ್ಕಿಲ್ಲ. ಪಟ ಎಂದ ಮೇಲೆ ತಪ್ಪೂ ಆಗಬಹುದು. ಕಣ್ಣು ಮುಚ್ಚಿ ಊರ ಚೌಡಿಗೆ ಕೈ ಮುಗಿದಳು. ಗುಣವಾಗಲಿ ಎಂದು ಬೇಡಲಿಲ್ಲ, ಕತ್ತರಿ ಇರಲಿ ಎಂದು ಬೇಡಿಕೊಂಡಳು.