ಬಾಲದ ಅಂಚು

ಕೆನ್ನೆಗೆ ಕೋವಿಯ ಮರದ ಹಿಡಿ ತಣ್ಣಗೆ ತಾಗುತ್ತಿದೆ, ತಣ್ಣಗೆ, ನುಣ್ಣಗೆ, ವಾಲ್ಟರನ ಕೆನ್ನೆ ವರ್ಷಗಟ್ಟಲೆ ಉಜ್ಜಿ ಮಾಡಿದ ನುಣುಪು, ಬದುಕಿದ್ದಾಗ ಅವನನ್ನು ನಾನು ಸರಿಯಾಗಿ ಮಾತಾಡಿಸಿದ್ದೇ ಇಲ್ಲ, ನಾನು ಓಡಿಸುತ್ತಿದ್ದ ಶಾಲೆ ಬಸ್ಸಿನ ಕಿಟಕಿಯಿಂದ ಕೈ ಎತ್ತುತ್ತಿದ್ದೆ, ಬೇಲಿಯ ಹತ್ತಿರದಿಂದ ಅವನೂ ಎತ್ತುತ್ತಿದ್ದ, ಎಡಗೈ, ಅವನದು ಎಲ್ಲಕ್ಕೂ ಎಡಗೈಯೇ, ಈಗ ಅವನಿಲ್ಲ, ಅವನ ಗಾಳಿಕೋವಿ ನನ್ನ ಎಡ ಹೆಗಲಿಗೆ ಒರಗಿಕೊಂಡಿದೆ — ಉಸಿರು ನಿಧಾನ, ನೆವಿಲ್, ಕೋವಿಯ ಮೇಲಿನ ದುರ್ಬೀನಿನ ಗಾಜಿಗೆ ಹಬೆ ಕೂರುತ್ತದೆ, ಉಸಿರನ್ನು ಕೆಳಗೆ ಬಿಡು ಅಂತ ಬೆರಿಲ್ ಹೇಳಿದ್ದಳು, ಬೆರಿಲ್ ಇವತ್ತಿಲ್ಲ, ವಾಲ್ಟರನ ಹೆಂಡತಿ, ಊರಿನ ಅರ್ಧ ಹೆಂಗಸರ ಕೂದಲು ಕತ್ತರಿಸುವವಳು, ಇವತ್ತು ಯಾರದೋ ಮದುವೆ, ಮದುಮಗಳ ತಲೆ ಅವಳ ಕೈಯಲ್ಲಿ, ಅದಕ್ಕೇ ನಿನ್ನೆ ಸಂಜೆ ಅಂಗಡಿ ಬಾಗಿಲಲ್ಲಿ ಕತ್ತರಿ ಹಿಡಿದುಕೊಂಡೇ ಹೇಳಿದಳು, ನಾಳೆ ನೀನೊಬ್ಬನೇ ಹೋಗು ಮಾರಾಯ, ನಾನು ಬಂದ್ರೂ ಪಕ್ಕದಲ್ಲಿ ಕೂತು ಶುಂಠಿ ಕೇಕು ತಿನ್ನೋದಷ್ಟೇ ತಾನೆ. ಒಬ್ಬನೇ. ಮೊದಲ ಸಲ. ಮರೆಗೆ ಕಟ್ಟಿದ ಗೋಣಿಬಟ್ಟೆ ಇಬ್ಬನಿಗೆ ಒದ್ದೆಯಾಗಿ ಕುರಿಯ ವಾಸನೆ ಬರುತ್ತಿದೆ, ಹಿಂದೆ ತೊರೆ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದೆ, ಎದುರಿಗೆ ಓಕ್ ಮರ, ಅದಕ್ಕೆ ತಗುಲಿಸಿದ ಮುಚ್ಚಳದ ಮರದ ಪೆಟ್ಟಿಗೆ, ಒಳಗೆ ಬಾದಾಮಿಗಿಂತ ದುಂಡಗಿನ ಹೇಜಲ್ ಕಾಯಿಗಳು, ಪೆಟ್ಟಿಗೆಯ ಮೇಲೆ ಯಾರೂ ಇಲ್ಲ, ಬಲಗೈ ಮರಳಿನ ಚೀಲದ ಮೇಲೆ ಸುಮ್ಮನೆ ಮಲಗಿದೆ, ಮಲಗಲಿ ಪಾಪ, ಇಷ್ಟು ದೂರ ಬಂದದ್ದೇ ದೊಡ್ಡದು.

ಆ ಕೈಯನ್ನು ನಾನು ಬಹಳ ದಿನ ಬೈದೆ, ಈಗ ಬೈಯುವುದಿಲ್ಲ, ಲಕ್ವ ಹೊಡೆದು ಅದು ಬಿದ್ದ ದಿನವೂ ನನಗೆ ಉಪಕಾರವನ್ನೇ ಮಾಡಿತ್ತು, ಮಕ್ಕಳೆಲ್ಲ ಇಳಿದು ಹೋದ ಮೇಲೆ, ಬಸ್ಸನ್ನು ಶೆಡ್ಡಿನಲ್ಲಿ ನಿಲ್ಲಿಸಿ ಬ್ರೇಕು ಎಳೆದ ಮೇಲೆ ಬಿದ್ದಿತು, ಬೆಟ್ಟದ ತಿರುವಿನಲ್ಲಿ ಬಿದ್ದಿದ್ದರೆ — ಬೇಡ, ಅದನ್ನು ಯೋಚಿಸುವುದು ಬೇಡ, ಬೀಳಲಿಲ್ಲವಲ್ಲ, ಆ ಒಂದಕ್ಕೇ ಜೀವನಪೂರ್ತಿ ಕೈಮುಗಿಯಬಹುದು. ಕೈ ಹೋಯಿತು, ಕಾಲು ಎಳೆಯಿತು, ಮಾತು ಗಂಟಲಲ್ಲೇ ಗಂಟಾಯಿತು, ಹೆಂಡತಿ ಐಲೀನ್ ನನ್ನನ್ನು ಅಡುಗೆಮನೆಯ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂರಿಸಿ ಬೇಕರಿ ಕೆಲಸಕ್ಕೆ ಹೋಗುವಳು, ಹೋಗುವ ಮುಂಚೆ ಹಣೆಗೆ ಹಿಟ್ಟಿನ ವಾಸನೆಯ ಮುತ್ತು, ನಾನು ಕೂತೇ ಇರುವೆ, ಹೊರಗೆ ಗೋಡೆಯ ಮೇಲೆ ಕೆಂಪಳಿಲು, ಕಿವಿಯ ತುದಿಯಲ್ಲಿ ಕುಂಚದಂಥ ಕೂದಲು, ಬೆಂಕಿಕಡ್ಡಿ ಗೀರಿದ ಹಾಗೆ ಗೋಡೆಯುದ್ದಕ್ಕೂ ಓಡುವುದು, ಮಾತು ಕಲಿಸಲು ಬರುತ್ತಿದ್ದ ಹುಡುಗಿ ಬೆರಳು ತೋರಿಸಿ ಕೇಳುವಳು, ಅದೇನು ಹೇಳಿ ನೋಡೋಣ, ನಾನು ಅಲಿಲು ಅನ್ನುವೆ, ಅಲಿಲು ಅಲಿಲು, ನಾಲಿಗೆ ಮೇಲಕ್ಕೆ ಮಡಚುವುದಿಲ್ಲ, ಆಮೇಲೊಂದು ದಿನ ಯಾರೂ ಇಲ್ಲದಾಗ, ಕೇಳುವವರೇ ಇಲ್ಲದಾಗ, ಅದು ಗಾಜಿನ ಹತ್ತಿರ ಬಂದು ನನ್ನನ್ನು ನೋಡಿದಾಗ, ಅಳಿಲು ಅಂದೆ, ನೆಟ್ಟಗೆ ಬಂತು, ಸಂಜೆ ಐಲೀನ್ ಕೋಟು ಬಿಚ್ಚುವ ಮೊದಲೇ ಇನ್ನೊಮ್ಮೆ ಅಂದೆ, ಅವಳು ಕೋಟಿನ ಒಂದು ತೋಳಲ್ಲಿ ಕೈ ಇಟ್ಟುಕೊಂಡೇ ನಿಂತುಬಿಟ್ಟಳು. ಅಂಥ ಅಳಿಲು. ಅಂಥದ್ದು ಹೋದ ಶರತ್ಕಾಲದಲ್ಲಿ ಅದೇ ಗೋಡೆಯ ಬುಡದಲ್ಲಿ ಕೂತಿತ್ತು, ಓಡಲಿಲ್ಲ, ನಾನು ಕೋಲೂರಿಕೊಂಡು ಹತ್ತಿರ ಹೋದರೂ ಓಡಲಿಲ್ಲ, ಕಣ್ಣ ಸುತ್ತ ಹುಣ್ಣು, ಬಾಯಿಯ ಸುತ್ತ ಹುಣ್ಣು, ಕೈಬೆರಳು ಊದಿಕೊಂಡು ಕಾಯಿ ಹಿಡಿಯಲಾಗದೆ ನಡುಗುತ್ತಿತ್ತು, ಸಿಡುಬು, ಬೂದಳಿಲುಗಳು ಹೊತ್ತು ತರುವ ಸಿಡುಬು, ಅವಕ್ಕೆ ಏನೂ ಆಗುವುದಿಲ್ಲ, ಇವು ಸಾಯುತ್ತವೆ, ಐಲೀನ್ ಶೂ ಡಬ್ಬಿಯಲ್ಲಿ ಟವೆಲ್ ಹಾಸಿದಳು, ಮಧ್ಯಾಹ್ನಕ್ಕೇ ಹೋಯಿತು.

ಏನೋ ಅಲುಗಿತು, ಇಲ್ಲ, ಎಲೆ. ಡಬ್ಬಿ ಹಿಡಿದುಕೊಂಡೇ ನಾನು ಬೆರಿಲ್‌ಳ ಅಂಗಡಿಗೆ ಹೋದದ್ದು, ಯಾಕೆಂದರೆ ಈ ಕಣಿವೆಯಲ್ಲಿ ಬೂದಳಿಲು ಹೊಡೆದು ಕೆಂಪಳಿಲು ಉಳಿಸುವ ಗುಂಪಿಗೆ ಅವಳೇ ಮುಂದಾಳು, ಯಾರದೋ ತಲೆಗೆ ಸುರುಳಿ ಸುತ್ತುತ್ತಿದ್ದಳು, ಡಬ್ಬಿ ನೋಡಿದಳು, ಆ ಹೆಂಗಸಿಗೆ ಸ್ವಲ್ಪ ಹೊತ್ತು ಪತ್ರಿಕೆ ಓದಿಕೊಂಡಿರು ಅಂದು ನನ್ನನ್ನು ಹಿತ್ತಲಿಗೆ ಕರೆದಳು, ನಾನು ಕಲೀಬೇಕು ಅಂದೆ, ಕ ಕ ಕ ಅಂತ ಮೂರು ಸಲ ಮುಗ್ಗರಿಸಿ ಅಂದೆ, ಅವಳು ನನ್ನ ಬಲಗೈ ನೋಡಿದಳು, ಎಡಗೈ ನೋಡಿದಳು, ನಗಲಿಲ್ಲ, ಅಯ್ಯೋ ಅನ್ನಲೂ ಇಲ್ಲ. ಮಾಮೂಲಿ ಏರ್‌ಗನ್ನಿನ ನಳಿಗೆ ಮಡಚಿ ಸ್ಪ್ರಿಂಗು ಎಳೀಬೇಕು, ಅದು ನಿನ್ನ ಕೈಲಾಗಲ್ಲ, ಅದಕ್ಕೆ ಬಲವೂ ಕಡಿಮೆ, ತೀರಾ ಹತ್ತಿರ ಹೋಗಬೇಕು, ಕಾಲೆಳೆದುಕೊಂಡು ತರಗೆಲೆ ಮೇಲೆ ನೀನು ಹೋದ್ರೆ ಕಣಿವೆಗೆಲ್ಲ ಕೇಳ್ಸುತ್ತೆ. ನಮ್ಮನೆಯವರ ಕೋವಿ ಇದೆ, ನೀರಲ್ಲಿ ಮುಳುಗೋರು ಬೆನ್ನಿಗೆ ಕಟ್ಟೋ ಸಿಲಿಂಡರಿಂದ ಗಾಳಿ ತುಂಬಿದ್ರಾಯ್ತು, ಒಂದು ಬೆರಳಿನ ಕೆಲಸ, ಹೆಗಲಿಗೆ ಒದೆಯೋದೂ ಇಲ್ಲ, ಎಡಗೈಯೋರಿಗೆ ಅಂತಲೇ ಮಾಡಿದ್ದು. ಆದ್ರೆ ಬಲ ಜಾಸ್ತಿ, ಲೈಸೆನ್ಸ್ ಬೇಕು, ಬುದ್ಧಿಯೂ ಬೇಕು ಅಂದಳು. ಲೈಸೆನ್ಸಿಗೆ ಬಂದ ಪೊಲೀಸ್ ಹೆಂಗಸು ನೆನಪಾಗುತ್ತಾಳೆ, ಕೋವಿ ಇಡುವ ಕಬ್ಬಿಣದ ಬೀರುವನ್ನು ಅಲ್ಲಾಡಿಸಿ ನೋಡಿ, ಗೋಡೆಗೆ ಬೋಲ್ಟು ಹಾಕಿದ್ದನ್ನು ಮುಟ್ಟಿ ನೋಡಿ, ಡಾಕ್ಟರ ಮಾತನ್ನೂ ಕೇಳಿ ಬಂದವಳು ಎದುರು ಕೂತು ಕೇಳಿದಳು, ನಿಮಗೆ ಯಾಕೆ ಬೇಕು, ನಾನು ಶುರು ಮಾಡಿದೆ, ಮಾತು ಸಿಕ್ಕಿಕೊಂಡಿತು, ಐಲೀನ್ ಪಕ್ಕದಿಂದ ಮುಗಿಸಲು ಬಾಯಿ ತೆರೆದಳು, ಆ ಹೆಂಗಸು ಕೈ ಸ್ವಲ್ಪ ಎತ್ತಿ ಅವಳನ್ನು ತಡೆದಳು, ಕಾದಳು, ಚಹಾ ಆರುವವರೆಗೂ ಕಾದಳು, ವಾಕ್ಯ ಮುಗಿಸಿದವನು ನಾನೇ. ಆ ಕಾಯುವಿಕೆಗೆ ಏನು ಕೊಡಲಿ, ಅವಳ ಹೆಸರು ಕೂಡ ಮರೆತುಹೋಯಿತು.

ಆಮೇಲೆ ಬೇಸಿಗೆಯೆಲ್ಲ ಕಾಗದ, ಬರೀ ಕಾಗದ, ಬೆರಿಲ್‌ಳ ಹಿತ್ತಲಿನ ಮಣ್ಣಿನ ದಿಬ್ಬಕ್ಕೆ ಕಾಗದ ಒರಗಿಸಿ ಹೊಡೆದದ್ದು, ಮೊದಲು ಹತ್ತಿರ, ಆಮೇಲೆ ದೂರ, ಗುಂಡು ಹತ್ತಿರದಲ್ಲಿ ಎಲ್ಲಿ ಬೀಳುತ್ತದೆ, ದೂರದಲ್ಲಿ ಎಷ್ಟು ಇಳಿಯುತ್ತದೆ, ಗಾಳಿ ಬೀಸಿದರೆ ಯಾವ ಕಡೆ ಸರಿಯುತ್ತದೆ, ಸಿಲಿಂಡರಿನ ಒತ್ತಡದ ಮುಳ್ಳು ಇಳಿದರೆ ಹೇಗೆ ಸೋಲುತ್ತದೆ, ಒಂದೇ ಜಾತಿಯ ಸೀಸದ ಗುಂಡು, ಜಾತಿ ಬದಲಿಸಿದರೆ ಎಲ್ಲ ಮೊದಲಿನಿಂದ, ಎಡ ತೋರುಬೆರಳಿಗೆ ಟ್ರಿಗರ್ ಒತ್ತುವುದನ್ನು ಕಲಿಸುವುದೆಂದರೆ ಚಿಕ್ಕ ಮಗುವಿಗೆ ಚಮಚ ಹಿಡಿಸಿದ ಹಾಗೆ, ಎಳೀಬೇಡ, ಹಿಂಡು, ಬೆರಿಲ್ ಹೇಳುವಳು, ನೀನು ಬಸ್ಸಿನ ಬ್ರೇಕು ಒತ್ತಿದ ಹಾಗೆ ಒತ್ತಬೇಡ, ಮಕ್ಕಳೆಲ್ಲ ಮುಂದಿನ ಸೀಟಿಗೆ ಬಂದು ಬೀಳುತ್ವೆ. ನಾಣ್ಯದಷ್ಟು ಜಾಗದಲ್ಲಿ ಎಲ್ಲ ಗುಂಡೂ ಬೀಳುವವರೆಗೆ ಜೀವದ ಕಡೆ ನಳಿಗೆ ತಿರುಗಿಸಬಾರದು, ಅದು ಅವಳ ಕಾನೂನು. ಒಮ್ಮೆ ಇಬ್ಬರೂ ಇಲ್ಲೇ ಕೂತಿದ್ದಾಗ ಬೂದಳಿಲು ಬಂತು, ಕೊಂಬೆಯ ಮೇಲೆ, ಹಿಂದೆ ಬರೀ ಆಕಾಶ, ನಾನು ಬೆರಳಿಟ್ಟೆ, ಬೆರಳು ತೆಗೆದೆ, ತಪ್ಪಿದ ಗುಂಡು ಬೆಟ್ಟದಾಚೆ ಯಾರ ಅಂಗಳಕ್ಕೆ ಹೋಗುತ್ತದೋ ಏನೋ, ಅದು ನಿಧಾನಕ್ಕೆ ಹೊರಟುಹೋಯಿತು, ಬೈಯುತ್ತಾಳೆ ಅಂದುಕೊಂಡೆ, ಅವಳು ಕೇಕಿನ ದೊಡ್ಡ ತುಂಡನ್ನೇ ನನಗೆ ಕೊಟ್ಟಳು, ಇವತ್ತು ನೀನು ಕಲಿತೆ ನೋಡು ಅಂದಳು.

ಈಗ, ಈಗ, ಎಲೆಯಲ್ಲ ಇದು, ಓಕಿನ ಕಾಂಡದ ಮೇಲೆ ಇಳಿಯುತ್ತಿದೆ, ತಲೆ ಕೆಳಗೆ, ಬೆನ್ನು ಕೆಂಚಗಿದೆ, ಕೆಂಪೇ, ಪಕ್ಕೆಯೂ ಕೆಂಪು, ಅಯ್ಯೋ ದೇವರೇ ಕೆಂಪೇ ಇರಬೇಕು, ಕೋವಿ ಇಳಿಸಲೇ, ಬೇಡ, ನೋಡು, ದುರ್ಬೀನಿನಲ್ಲೇ ನೋಡು, ಬೆರಳು ಹೊರಗಿರಲಿ, ಬಣ್ಣ ನಂಬಬೇಡ ಅಂದಿದ್ದಳು ಬೆರಿಲ್, ಬೂದಿಯದಕ್ಕೂ ಕೆಂಪು ಬಣ್ಣ ಬರುತ್ತೆ, ಕೆಂಪಿನದಕ್ಕೂ ಚಳಿಗಾಲದಲ್ಲಿ ಬೂದಿ ಬಣ್ಣ ಬರುತ್ತೆ, ನನ್ನ ಗಿರಾಕಿಗಳ ಹಾಗೆ, ಬುಡ ಒಂದು ತುದಿ ಒಂದು, ನೀನು ಬಾಲದ ಅಂಚು ನೋಡು, ಅಂಚಿಗೆ ಬಿಳಿ ಇದ್ರೆ ಮಾತ್ರ. ಬಾಲ ಕಾಣುತ್ತಿಲ್ಲ, ಕಾಂಡದ ಆಚೆಗಿದೆ, ಎದೆ ಇಷ್ಟು ಜೋರಾಗಿ ಬಡಿದರೆ ದುರ್ಬೀನಿನ ಗುರಿಗೆರೆ ಕುಣಿಯುತ್ತದೆ, ಗುರುತು ತಪ್ಪಿದರೆ ನನ್ನ ಕೈಯಿಂದಲೇ ಅದು, ನನಗೆ ಮಾತು ಮರಳಿಸಿದ್ದು, ಟವೆಲ್ಲಿನ ಮೇಲೆ — ಕಾಯಬೇಕು, ಆ ಪೊಲೀಸ್ ಹೆಂಗಸು ಕಾದ ಹಾಗೆ ಕಾಯಬೇಕು, ತೊರೆ ಮಾತಾಡುತ್ತಿದೆ, ಅದು ತಿರುಗಿತು, ಬಾಲ ಮೇಲೆದ್ದಿತು, ಬೆಳಕು ಹಿಂದಿನಿಂದ ಬಿತ್ತು, ಸುತ್ತ ಬಿಳಿ ಅಂಚು, ಹೊಗೆಯಂಥ ತೆಳು ಬಿಳಿ, ಕಿವಿ ದುಂಡಗೆ ಬೋಳು, ಬೂದಳಿಲು. ಹಿಂದೆ ಓಕಿನ ದಪ್ಪ ಕಾಂಡ, ಆಕಾಶವಿಲ್ಲ, ಗಾಳಿಯಿಲ್ಲ, ಬೇರೆ ಯಾರೂ ಇಲ್ಲ, ಉಸಿರು ಅರ್ಧ ಬಿಟ್ಟೆ, ಹಿಂಡು, ಎಳೀಬೇಡ, ಹಿಂಡು —

ಪುಸಕ್, ಅಷ್ಟೇ ಸದ್ದು, ಯಾರೋ ಬಾಟಲಿಯ ಮುಚ್ಚಳ ತೆಗೆದ ಹಾಗೆ, ಅದು ಒದ್ದಾಡಲೂ ಇಲ್ಲ, ಹಣ್ಣು ಬಿದ್ದ ಹಾಗೆ ಬಿತ್ತು, ನಾನು ಬೆರಿಲ್ ಹೇಳಿಕೊಟ್ಟಂತೆ ಕಾದು, ಕೋವಿ ಖಾಲಿ ಮಾಡಿ, ಕೋಲೂರಿಕೊಂಡು ಹೋದೆ, ಕಣ್ಣು ಮುಟ್ಟಿ ನೋಡಿದೆ, ಮಿಟುಕಲಿಲ್ಲ, ಹೊಟ್ಟೆ ಇನ್ನೂ ಬೆಚ್ಚಗಿತ್ತು, ಚಂದದ ಪ್ರಾಣಿ, ನೂರೈವತ್ತು ವರ್ಷದ ಹಿಂದೆ ಯಾರೋ ಸಾಹೇಬರು ತೋಟದ ಅಂದಕ್ಕೆಂದು ಹಡಗಿನಲ್ಲಿ ತಂದದ್ದರಲ್ಲಿ ಇದರ ತಪ್ಪೇನು, ನೋವಾಗದೆ ಹೋಯಿತಲ್ಲ, ಅದಕ್ಕಾದರೂ ಋಣಿ, ಕ್ಷಮಿಸು ಅಂದೆ, ಆ ಕಷ್ಟದ ಒತ್ತಕ್ಷರ ತಡವರಿಸದೆ ಬಂತು, ಗವಸು ಹಾಕಿಕೊಂಡು ಚೀಲಕ್ಕೆ ಹಾಕಿದೆ, ಪೆಟ್ಟಿಗೆಯ ಹಳೆ ಕಾಯಿ ಸುರಿದು ಔಷಧಿ ನೀರಿನಲ್ಲಿ ತಿಕ್ಕಿದೆ, ಸಿಡುಬು ಅಲ್ಲೇ ಅಂಟಿಕೊಂಡಿರುತ್ತದೆ, ಎಡಗೈ ತಿಕ್ಕಿತು, ಬಲಗೈ ಪೆಟ್ಟಿಗೆಯನ್ನು ಒತ್ತಿ ಹಿಡಿದುಕೊಂಡಿತು, ಹೌದು, ಹಿಡಿದುಕೊಂಡಿತು, ಒರೆಸಿ ಒಣಗಿಸಿ ಹೊಸ ಕಾಯಿ ತುಂಬಿ ಬಂದು ಕೂತೆ. ಚಹಾ ಕುಡಿಯುತ್ತಿದ್ದೇನೆ. ಬೆರಿಲ್‌ಗೆ ಹೇಳಬೇಕು, ಮದುಮಗಳು ಎದ್ದು ಹೋದ ಮೇಲೆ ಹೇಳಬೇಕು, ಐಲೀನ್‌ಗೆ ಹೇಳಬೇಕು, ವಾಲ್ಟರನಿಗೆ ಹೇಳಲಾಗುವುದಿಲ್ಲ, ಈ ಮರದ ಹಿಡಿಯನ್ನೇ ಒಮ್ಮೆ ಸವರುತ್ತೇನೆ, ಬಸ್ಸಿನಿಂದ ಕೈ ಎತ್ತುವ ಬದಲು ಒಂದು ದಿನ ನಿಲ್ಲಿಸಬಹುದಿತ್ತು, ಇರಲಿ, ಅವನೂ ಎತ್ತುತ್ತಿದ್ದನಲ್ಲ, ಈಗ ಮನೆಗೆ ಹೋಗಿ ಐಲೀನ್ ಬರುವ ಮುಂಚೆ ಒಲೆ ಹಚ್ಚಿ, ಆಲೂಗಡ್ಡೆ — ಟಪ್. ಪೆಟ್ಟಿಗೆಯ ಮುಚ್ಚಳ. ಕೋವಿ ಖಾಲಿಯಿದೆ, ಚಹಾದ ಕಪ್ಪು ಕೆಳಗಿಡಲೂ ಧೈರ್ಯವಿಲ್ಲ, ಕಿವಿಯಲ್ಲಿ ಕುಂಚ, ಬಾಲ ತುದಿಯವರೆಗೂ ಕೆಂಪು, ಎಲ್ಲಿತ್ತು ಇಷ್ಟು ಹೊತ್ತು, ಮೂಗಿನಿಂದ ಮುಚ್ಚಳ ಎತ್ತುತ್ತದೆ, ತಲೆ ಒಳಗೆ, ಒಂದು ಕಾಯಿ, ತಲೆ ಹೊರಗೆ, ಮುಚ್ಚಳ ಬೀಳುತ್ತದೆ, ಟಪ್, ಬೆರಿಲ್‌ಗೆ ಹೇಳಬೇಕು ಅಂದುಕೊಂಡೆನಲ್ಲ, ಏನು ಹೇಳಬೇಕು, ಮುಚ್ಚಳ ಏಳುತ್ತದೆ, ಬೀಳುತ್ತದೆ, ಟಪ್, ಮುಚ್ಚಳ ಏಳುತ್ತದೆ